ತಪ್ಪೇ ಮಾಡದ ಅಪೆಂಡಿಕ್ಸ್

ನನ್ನ ತಂಗಿಯ ಹೊಟ್ಟೆಯ ಬಲಗಡೆ, ಕೆಳಗೆ, ಎರಡೂವರೆ ಇಂಚಿನ ಒಂದು ಗಾಯದ ಗುರುತಿದೆ. ಅವಳು ಪಿಯುಸಿ ಓದುತ್ತಿದ್ದಾಗ ಆದದ್ದು. ನಾನಾಗ ಇಂಜಿನಿಯರಿಂಗ್ ಕೊನೇ ವರ್ಷ, ರಜೆಗೆ ಊರಿಗೆ ಬಂದಿದ್ದೆ. ರಾತ್ರಿ ಊಟವಾದ ಮೇಲೆ ಅವಳಿಗೆ ಹೊಟ್ಟೆನೋವು ಶುರುವಾಯಿತು. ಅಮ್ಮ ಜೀರಿಗೆ ಕಷಾಯ ಮಾಡಿಕೊಟ್ಟರು, ಅಪ್ಪ ಮನೆಯಲ್ಲಿದ್ದ ಒಂದು ಮಾತ್ರೆ ಕೊಟ್ಟರು. ನೋವು ಬಗ್ಗಲಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ ಆಟೋ ಹಿಡಿದು ನರ್ಸಿಂಗ್ ಹೋಮಿಗೆ ಓಡಿದೆವು. ಡ್ಯೂಟಿಯಲ್ಲಿದ್ದ ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. "ಅಪೆಂಡಿಕ್ಸ್ ಇದ್ದ ಹಾಗಿದೆ. ಒಡೆದುಹೋದರೆ ಕಷ್ಟ. ರಿಸ್ಕ್ ಯಾಕೆ, ತೆಗೆದುಬಿಡೋಣ" ಅಂದರು. ಅಪ್ಪ ನಡುಗುವ ಕೈಯಲ್ಲಿ ಸಹಿ ಹಾಕಿದರು. ಮಧ್ಯಾಹ್ನದೊಳಗೆ ಆಪರೇಷನ್ ಮುಗಿದಿತ್ತು.

ಹತ್ತು ದಿನ ಬಿಟ್ಟು ಬಯಾಪ್ಸಿ ರಿಪೋರ್ಟ್ ಬಂತು. ಅದರಲ್ಲಿದ್ದದ್ದು ಒಂದೇ ಸಾಲು. ಅದರ ಅರ್ಥ ಇಷ್ಟೇ: ಅಪೆಂಡಿಕ್ಸ್ ಆರೋಗ್ಯವಾಗಿದೆ, ಉರಿಯೂತದ ಲಕ್ಷಣ ಇಲ್ಲ. ಅಪ್ಪ ಅದನ್ನು ಎರಡು ಸಲ ಓದಿ, ಮಡಚಿ, ಫೈಲಿನಲ್ಲಿಟ್ಟರು. ಆ ಬಗ್ಗೆ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ತಂಗಿ ಮಾತ್ರ ಆಮೇಲೆ ತುಂಬಾ ದಿನ, "ಪಾಪ ಕಣೋ, ನನ್ನ ಅಪೆಂಡಿಕ್ಸು ಏನೂ ತಪ್ಪು ಮಾಡಿರಲಿಲ್ಲ" ಅಂತ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ದುಡ್ಡಿಗೋಸ್ಕರ ಕುಯ್ದರು ಅಂತಲೇ ನಾನು ಎಷ್ಟೋ ವರ್ಷ ನಂಬಿಕೊಂಡಿದ್ದೆ.

ಒಮ್ಮೆ ಇದನ್ನೇ ಅಜ್ಜಿಯ ಮುಂದೆ ಕೂಗಾಡುತ್ತಿದ್ದಾಗ ಅಜ್ಜಿ ತನ್ನ ತಮ್ಮನ ಕಥೆ ಹೇಳಿದರು. ಹದಿನಾಲ್ಕು ವರ್ಷದ ಹುಡುಗ. ಹೊಟ್ಟೆನೋವು ಅಂದ. ಹರಳೆಣ್ಣೆ ಹಚ್ಚಿ ಶಾಖ ಕೊಟ್ಟರು, ದೃಷ್ಟಿ ತೆಗೆದರು. ಮೂರನೇ ದಿನ "ನೋವು ಹೋಯ್ತು" ಅಂತ ಎದ್ದು ಕೂತ, ಎಲ್ಲರಿಗೂ ಸಮಾಧಾನವಾಯಿತು. ಐದನೇ ದಿನ ಹೋಗಿಬಿಟ್ಟ. "ಕುಯ್ದರೆ ಕುಯ್ಯಲಿ ಬಿಡು ಮಗಾ. ಹುಡುಗಿ ಎದ್ದು ಓಡಾಡ್ತಾವಳಲ್ಲ" ಅಂದರು ಅಜ್ಜಿ. ಅಪೆಂಡಿಕ್ಸ್ ಒಡೆದಾಗ ಕೆಲವೊಮ್ಮೆ ಒಳಗಿನ ಒತ್ತಡ ಇಳಿದು ನೋವು ಸ್ವಲ್ಪ ಹೊತ್ತು ಕಮ್ಮಿಯಾಗುತ್ತದೆ ಅಂತ ನಾನು ಓದಿ ತಿಳಿದದ್ದು ಇತ್ತೀಚೆಗೆ. ಆ ಹುಡುಗನಿಗೆ ಆಗಿದ್ದು ಅದೇ ಇರಬೇಕು ಅಂತ ನನ್ನ ಊಹೆ.

ಒಂದೇ ಮನೆಯಲ್ಲಿ ಎರಡು ಕಥೆ. ಒಂದು ಕಡೆ ಕಾದು ಸತ್ತವನು, ಇನ್ನೊಂದು ಕಡೆ ಕಾಯದೆ ಕುಯ್ಯಿಸಿಕೊಂಡವಳು. ಇಲ್ಲದ ರೋಗವನ್ನು ಇದೆ ಅನ್ನುವ ತಪ್ಪು ಒಂದು, ಇರುವ ರೋಗವನ್ನು ಇಲ್ಲ ಅನ್ನುವ ತಪ್ಪು ಇನ್ನೊಂದು. ಒಂದನ್ನು ಕಮ್ಮಿ ಮಾಡಲು ಹೋದರೆ ಇನ್ನೊಂದು ಜಾಸ್ತಿಯಾಗುತ್ತದೆ. ಹಾಗಾದರೆ ಎರಡನ್ನೂ ಒಟ್ಟಿಗೆ ಕಮ್ಮಿ ಮಾಡುವ ದಾರಿಯೇ ಇಲ್ಲವಾ? ಈ ಪ್ರಶ್ನೆ ಹಿಡಿದುಕೊಂಡು ಕೆಲವು ವಾರಾಂತ್ಯಗಳನ್ನು ಹಳೇ ವೈದ್ಯಕೀಯ ಪತ್ರಿಕೆಗಳ ಜೊತೆ ಕಳೆದೆ. ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ, ಕೋಡ್ ಬರೆಯುವವನು. ಹೊಟ್ಟೆನೋವು ಬಂದರೆ ಇದನ್ನು ಓದುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ :-)

*

ಅಪೆಂಡಿಕ್ಸ್ ಅಂದರೆ ದೊಡ್ಡ ಕರುಳು ಶುರುವಾಗುವ ಜಾಗದಲ್ಲಿ ಜೋತಾಡುವ, ಹುಳುವಿನ ಆಕಾರದ ಒಂದು ಸಣ್ಣ ಬಾಲ. ಅದು ಇದೆ ಅಂತ ಅಂಗರಚನೆ ಬಲ್ಲವರಿಗೆ ಹದಿನಾರನೇ ಶತಮಾನದಿಂದಲೇ ಗೊತ್ತಿತ್ತು. ಅದನ್ನು ತೆಗೆದು ರೋಗಿಯನ್ನು ಉಳಿಸಿದ ಮೊದಲ ದಾಖಲೆ 1735ರ ಡಿಸೆಂಬರ್‌ನದು. ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ಕ್ಲಾಡಿಯಸ್ ಆಮ್ಯಾಂಡ್ ಅನ್ನುವ ಸರ್ಜನ್, ಹನ್ನೊಂದು ವರ್ಷದ ಹುಡುಗನೊಬ್ಬನ ಹರ್ನಿಯಾ ಆಪರೇಷನ್ ಮಾಡುತ್ತಿದ್ದ. ಹರ್ನಿಯಾ ಚೀಲದೊಳಗೆ ಅಪೆಂಡಿಕ್ಸ್ ಸಿಕ್ಕಿತು, ಅದಕ್ಕೊಂದು ಗುಂಡುಸೂಜಿ ಚುಚ್ಚಿಕೊಂಡಿತ್ತು! ಅರಿವಳಿಕೆ ಇನ್ನೂ ಇಲ್ಲದ ಕಾಲ. ಹುಡುಗ ಬದುಕಿದ. ಆದರೆ ಅದು ಆಕಸ್ಮಿಕ, ಅಪೆಂಡಿಕ್ಸಿನ ರೋಗವನ್ನು ಹುಡುಕಿ ಹೋಗಿದ್ದಲ್ಲ.

ಅದಾಗಿ ನೂರೈವತ್ತು ವರ್ಷವಾದರೂ ಬಲಗಡೆ ಹೊಟ್ಟೆನೋವು ಬಂದು ಕೀವು ತುಂಬಿ ಸತ್ತವರಿಗೆ ಡಾಕ್ಟರುಗಳು ಬರೆಯುತ್ತಿದ್ದ ಹೆಸರು 'ಪೆರಿಟಿಫ್ಲೈಟಿಸ್'. ಅಂದರೆ ದೊಡ್ಡ ಕರುಳಿನ ಆರಂಭದ ಚೀಲದ ಸುತ್ತ ಆದ ಉರಿಯೂತ. ಪ್ಯಾರಿಸ್ಸಿನ ದೊಡ್ಡ ಸರ್ಜನ್ ದ್ಯುಪ್ವಿತ್ರಾನ್ ತಪ್ಪೆಲ್ಲ ಆ ಚೀಲದ್ದು ಅಂತ ಹೇಳಿದ್ದ. ದೊಡ್ಡವರು ಹೇಳಿದ ಮೇಲೆ ಮುಗಿಯಿತಲ್ಲ. ಚಿಕಿತ್ಸೆ ಏನು? ಅಫೀಮು, ಎನಿಮಾ, ಜಿಗಣೆ ಕಚ್ಚಿಸುವುದು, ಬಿಸಿ ಪಟ್ಟು. ನಮ್ಮ ಮುತ್ತಜ್ಜಿ ಹರಳೆಣ್ಣೆ ಶಾಖ ಕೊಟ್ಟಿದ್ದನ್ನು ನೋಡಿ ನಗುವ ಹಕ್ಕು ಅವರಿಗೂ ಇರಲಿಲ್ಲ.

ಇದನ್ನು ಬದಲಿಸಿದವನು ಸರ್ಜನ್ ಅಲ್ಲ, ಹೆಣ ಕೊಯ್ದು ಕಾರಣ ಹುಡುಕುತ್ತಿದ್ದ ಒಬ್ಬ ಪೆಥಾಲಜಿಸ್ಟ್. ಹಾರ್ವರ್ಡ್‌ನ ರೆಜಿನಾಲ್ಡ್ ಫಿಟ್ಜ್. 1886ರಲ್ಲಿ ಆತ ಒಂದು ಪ್ರಬಂಧ ಓದಿದ. ಅಪೆಂಡಿಕ್ಸ್ ತೂತಾಗಿದ್ದು ಖಚಿತವಾಗಿದ್ದ 257 ಪ್ರಕರಣ, 'ಟಿಫ್ಲೈಟಿಸ್', 'ಪೆರಿಟಿಫ್ಲೈಟಿಸ್' ಅಂತ ಹೆಸರು ಕೊಟ್ಟಿದ್ದ 209 ಪ್ರಕರಣ, ಎರಡನ್ನೂ ಪಕ್ಕಪಕ್ಕ ಇಟ್ಟು ಲಕ್ಷಣಗಳನ್ನು ಹೋಲಿಸಿದ. ಎರಡೂ ಹೆಚ್ಚುಕಮ್ಮಿ ಒಂದೇ ರೋಗ, ಮೂಲ ಆ ಸಣ್ಣ ಬಾಲದಲ್ಲಿದೆ ಅಂದ. 'ಅಪೆಂಡಿಸೈಟಿಸ್' ಅನ್ನುವ ಹೆಸರು ಕೊಟ್ಟವನೂ ಅವನೇ. ಬೇಗ ಗುರುತಿಸಿ, ಹದಗೆಡುತ್ತಿದ್ದರೆ ತಡಮಾಡದೆ ಆಪರೇಷನ್ ಮಾಡಿ ಅನ್ನುವುದು ಅವನ ಮಾತಿನ ತಿರುಳು. ಇಲ್ಲೊಂದು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಫಿಟ್ಜ್ ಹೊಸ ಯಂತ್ರ ಏನೂ ಕಂಡುಹಿಡಿಯಲಿಲ್ಲ. ಹಳೇ ಪ್ರಕರಣಗಳನ್ನು ಒಂದೇ ಅಚ್ಚಿನಲ್ಲಿ ಜೋಡಿಸಿದ, ರೋಗಿಗೆ ಕೊನೆಗೆ ಏನಾಯಿತು ಅಂತ ನೋಡಿದ, ಎಣಿಸಿದ.

ಮೂರು ವರ್ಷ ಬಿಟ್ಟು, 1889ರಲ್ಲಿ, ನ್ಯೂಯಾರ್ಕಿನ ಚಾರ್ಲ್ಸ್ ಮ್ಯಾಕ್‌ಬರ್ನಿ ಒಂದು ಬೆರಳಿನ ಪರೀಕ್ಷೆ ಹೇಳಿಕೊಟ್ಟ. ಬಲ ಸೊಂಟದ ಮೂಳೆಯ ಮುಂಚಾಚಿನಿಂದ ಹೊಕ್ಕುಳಿಗೆ ಒಂದು ಗೆರೆ ಎಳೆದುಕೊಳ್ಳಿ. ಮೂಳೆಯಿಂದ ಒಂದೂವರೆ, ಎರಡು ಇಂಚು ದೂರದಲ್ಲಿ ಒಂದೇ ಬೆರಳಿಂದ ಒತ್ತಿ. ಅಲ್ಲಿ ನೋವು ಜೋರಾಗಿದ್ದರೆ ಅಪೆಂಡಿಸೈಟಿಸ್ ಅನ್ನಿ. ಇವತ್ತಿಗೂ ಆ ಜಾಗಕ್ಕೆ ಅವನದೇ ಹೆಸರು. ನನ್ನ ತಂಗಿಗೆ ಬೆಳಗಿನ ಜಾವ ಡಾಕ್ಟರು ಒತ್ತಿ ನೋಡಿದ್ದೂ ಅಲ್ಲೇ.

ಜನಕ್ಕೆ ಈ ರೋಗದ ಹೆಸರು ಬಾಯಿಪಾಠವಾಗಿದ್ದು 1902ರಲ್ಲಿ. ಜೂನ್ 26ಕ್ಕೆ ಏಳನೇ ಎಡ್ವರ್ಡ್‌ನ ಪಟ್ಟಾಭಿಷೇಕ ನಿಗದಿಯಾಗಿತ್ತು. ದೇಶದೇಶಗಳಿಂದ ಅತಿಥಿಗಳು ಲಂಡನ್ನಿಗೆ ಬಂದಿಳಿದಿದ್ದರು. ಎರಡು ದಿನ ಮುಂಚೆ, ಜೂನ್ 24ರಂದು, ಫ್ರೆಡರಿಕ್ ಟ್ರೀವ್ಸ್ ಅರಮನೆಯಲ್ಲೇ ರಾಜನ ಹೊಟ್ಟೆ ಕೊಯ್ದು ಕೀವು ಹೊರಹಾಕಿದ. ರಾಜ ಉಳಿದ, ಆಗಸ್ಟ್ 9ಕ್ಕೆ ಕಿರೀಟವನ್ನೂ ಇಟ್ಟುಕೊಂಡ. ಈ ಟ್ರೀವ್ಸ್ ಅಪೆಂಡಿಕ್ಸಿನ ವಿಷಯದಲ್ಲಿ ಇಂಗ್ಲೆಂಡಿಗೇ ಹೆಸರಾದವನು. ಆದರೆ ರಾಜನ ಆಪರೇಷನ್ನಿಗೆ ಎರಡೇ ವರ್ಷ ಮುಂಚೆ ಅವನ ಸ್ವಂತ ಮಗಳು ಅಪೆಂಡಿಕ್ಸ್ ಒಡೆದು ತೀರಿಕೊಂಡಿದ್ದಳು. ರೋಗ ಬಲ್ಲವನ ಮನೆಯಲ್ಲೇ ಹೀಗಾದರೆ ಉಳಿದವರ ಪಾಡೇನು?

ಇಂಥ ಸಾವುಗಳ ಭಯದಿಂದಲೇ ಆಮೇಲಿನ ಸರ್ಜನ್ನರ ನಿಯಮ ಹುಟ್ಟಿತು: ಅನುಮಾನ ಬಂದರೆ ತೆಗೆದುಬಿಡು. ಆರೋಗ್ಯವಾಗಿರುವ ಅಪೆಂಡಿಕ್ಸ್ ತೆಗೆದ ತಪ್ಪಿಗಿಂತ ಕೆಟ್ಟದ್ದನ್ನು ಬಿಟ್ಟ ತಪ್ಪು ದೊಡ್ಡದು. ತೆಗೆದವುಗಳಲ್ಲಿ ನೂರಕ್ಕೆ ಹದಿನೈದೋ ಇಪ್ಪತ್ತೋ ಆರೋಗ್ಯವಾಗಿದ್ದರೆ ಅದು ಸಹಜ ಅಂತ ಇಪ್ಪತ್ತನೇ ಶತಮಾನದುದ್ದಕ್ಕೂ ಪಾಠ ಹೇಳಿದರು. ಅದು ತೀರಾ ಕಮ್ಮಿಯಿದ್ದರೆ ನೀನು ಅತಿಯಾಗಿ ಕಾಯುತ್ತಿದ್ದೀಯ, ಎಲ್ಲೋ ಒಡೆಯುವವರೆಗೂ ಬಿಡುತ್ತಿದ್ದೀಯ ಅನ್ನುವ ತರ್ಕ. ಇದನ್ನು ಓದಿದಾಗ ನನ್ನ ಹಳೇ ಸಿಟ್ಟಿಗೆ ಮೊದಲ ಪೆಟ್ಟು ಬಿತ್ತು. ಆ ರಾತ್ರಿಯ ಡಾಕ್ಟರು ಕಳ್ಳತನ ಮಾಡಿರಲಿಲ್ಲ, ಪುಸ್ತಕದಲ್ಲಿದ್ದ ನಿಯಮ ಪಾಲಿಸಿದ್ದರು.

ಹಾಗಂತ ಬೇಡದ ಆಪರೇಷನ್ ಪುಕ್ಕಟೆ ಅಲ್ಲ. ಗಾಯಕ್ಕೆ ಸೋಂಕಾಗಬಹುದು. ಒಳಗೆ ಕರುಳುಗಳು ಒಂದಕ್ಕೊಂದು ಅಂಟಿಕೊಂಡು ವರ್ಷಗಳ ನಂತರ ತೊಂದರೆ ಕೊಡಬಹುದು. ನೋವಿನ ನಿಜವಾದ ಕಾರಣ ಅಲ್ಲೇ ಉಳಿದುಬಿಡಬಹುದು. ಮತ್ತೆ ದುಡ್ಡು, ರಜೆ, ಭಯ.

*

ಅಪೆಂಡಿಸೈಟಿಸ್ ಗುರುತಿಸುವುದು ಅಷ್ಟೊಂದು ಕಷ್ಟ ಯಾಕೆ? ಷಿಕಾಗೋದ ಸರ್ಜನ್ ಜಾನ್ ಮರ್ಫಿ ಇಪ್ಪತ್ತನೇ ಶತಮಾನದ ಶುರುವಿನಲ್ಲೇ ಲಕ್ಷಣಗಳ ಸರಣಿಯನ್ನು ಹೇಳಿದ್ದ. ಮೊದಲು ನೋವು, ಆಮೇಲೆ ವಾಕರಿಕೆ ಅಥವಾ ವಾಂತಿ, ಆಮೇಲೆ ಒತ್ತಿದರೆ ನೋವು, ಆಮೇಲೆ ಜ್ವರ. ನೋವೂ ಮೊದಲು ಹೊಕ್ಕುಳ ಸುತ್ತ ಇಂಥಲ್ಲೇ ಅಂತ ಹೇಳಲಾಗದ ಹಾಗೆ ಇರುತ್ತದೆ. ಕರುಳಿನ ನರಗಳಿಗೆ ಜಾಗದ ಗುರುತು ಸರಿಯಾಗಿ ಗೊತ್ತಾಗುವುದಿಲ್ಲ. ಕೆಲವು ಗಂಟೆಗಳ ಮೇಲೆ ಉರಿಯೂತ ಹೊಟ್ಟೆಯ ಗೋಡೆಯ ಒಳಪೊರೆಗೆ ತಾಗಿದಾಗ ನೋವು ಬಲಕ್ಕೆ, ಕೆಳಕ್ಕೆ ಇಳಿದು ನಿಲ್ಲುತ್ತದೆ. ಇದು ಪುಸ್ತಕದ ರೋಗಿ. ನಿಜವಾದ ರೋಗಿಗಳು ಪುಸ್ತಕ ಓದಿಕೊಂಡು ಬಂದಿರುವುದಿಲ್ಲ. ಕೆಲವರಲ್ಲಿ ಅಪೆಂಡಿಕ್ಸ್ ಕರುಳಿನ ಹಿಂದೆ ಅವಿತಿರುತ್ತದೆ, ಕೆಲವರಲ್ಲಿ ಕಿಬ್ಬೊಟ್ಟೆಗೆ ಇಳಿದಿರುತ್ತದೆ. ಮೂತ್ರನಾಳದ ಕಲ್ಲು, ಅಂಡಾಶಯದ ಗುಳ್ಳೆ, ಗರ್ಭನಾಳದಲ್ಲಿ ಕಟ್ಟಿದ ಬಸಿರು, ತಿಂಗಳ ಮಧ್ಯದಲ್ಲಿ ಅಂಡ ಬಿಡುಗಡೆಯಾಗುವಾಗಿನ ನೋವು, ನಮ್ಮ ಕಡೆ ಕರುಳಿನ ಟಿ.ಬಿ., ಎಲ್ಲವೂ ಅದೇ ಜಾಗದಲ್ಲಿ ನೋಯಿಸಬಲ್ಲವು. ಹಾಗಾಗಿಯೇ ಬೇಡದ ಆಪರೇಷನ್ ಹೆಚ್ಚು ಆಗುತ್ತಿದ್ದದ್ದು ಹೆಂಗಸರಿಗೆ, ಅದರಲ್ಲೂ ಹರೆಯದವರಿಗೆ.

ಈಗ ನಮ್ಮ ಕಥೆ ಇಂಗ್ಲೆಂಡಿನ ಲೀಡ್ಸ್ ಊರಿಗೆ ಬರುತ್ತದೆ. ಈ ಭಾಗವನ್ನು ಓದುವಾಗ ನಾನು ರಾತ್ರಿ ಊಟ ಮರೆತಿದ್ದೆ.

1970ರ ಆಸುಪಾಸು. ಟಿಮ್ ಡಿ ಡೊಂಬಾಲ್ ಅನ್ನುವ ಸರ್ಜನ್ ಮತ್ತು ಅವನ ತಂಡ ಲೀಡ್ಸ್ ವಿಶ್ವವಿದ್ಯಾಲಯದ ಕೆಡಿಎಫ್-9 ಕಂಪ್ಯೂಟರಿಗೆ ಹೊಟ್ಟೆನೋವಿನ ಪಾಠ ಹೇಳಿಕೊಟ್ಟರು. ಕೋಣೆ ತುಂಬುವಂಥ ಯಂತ್ರ. ಇವತ್ತಿನ ಮೊಬೈಲಿನ ಮುಂದೆ ಅದರ ಶಕ್ತಿ ಲೆಕ್ಕಕ್ಕೇ ಇಲ್ಲ. ಒಳಗಿದ್ದ ಗಣಿತ ಹದಿನೆಂಟನೇ ಶತಮಾನದ ಪಾದ್ರಿ ಥಾಮಸ್ ಬೇಯ್ಸ್‌ನದು. ಸಾಫ್ಟ್‌ವೇರ್ ಮಿತ್ರರಿಗೆ ಒಂದೇ ಮಾತಲ್ಲಿ ಹೇಳಬಹುದು: ಸ್ಪ್ಯಾಮ್ ಮೇಲ್ ಹಿಡಿಯಲು ಬಳಸಿದ ಅದೇ ಲೆಕ್ಕ. ಉಳಿದವರಿಗೆ ಒಂದು ಉದಾಹರಣೆ (ಅಂಕಿಗಳು ಕಾಲ್ಪನಿಕ). ಹೊಟ್ಟೆನೋವು ಅಂತ ಬಂದ ನೂರು ಜನರಲ್ಲಿ 25 ಜನಕ್ಕೆ ಅಪೆಂಡಿಸೈಟಿಸ್, 50 ಜನಕ್ಕೆ ತಾನಾಗಿಯೇ ಹೋಗುವ ನೋವು ಅಂತಿಟ್ಟುಕೊಳ್ಳಿ. ಮೊದಲ ಗುಂಪಿನಲ್ಲಿ 15 ಜನಕ್ಕೆ, ಎರಡನೇ ಗುಂಪಿನಲ್ಲಿ 5 ಜನಕ್ಕೆ ನೋವು ಹೊಕ್ಕುಳಿಂದ ಬಲಕ್ಕೆ ಸರಿದಿತ್ತು. ಈಗ ಬಂದವನಿಗೂ ಹಾಗೆ ಸರಿದಿದೆ ಅಂದರೆ ಈ ಎರಡರಲ್ಲಿ ಅಪೆಂಡಿಸೈಟಿಸ್ ಇರುವ ಸಾಧ್ಯತೆ 15ಕ್ಕೆ 5, ಅಂದರೆ ಮೂರು ಪಟ್ಟು. ಹೀಗೆ ಒಂದೊಂದು ಉತ್ತರ ಬಂದಾಗಲೂ ತಕ್ಕಡಿ ಆ ಕಡೆಗೋ ಈ ಕಡೆಗೋ ವಾಲುತ್ತದೆ. ಕೊನೆಗೆ ಅಪೆಂಡಿಸೈಟಿಸ್, ಪಿತ್ತಕೋಶದ ಉರಿಯೂತ, ಹುಣ್ಣು ತೂತಾಗುವುದು, ಕರುಳು ಕಟ್ಟಿಕೊಳ್ಳುವುದು ಹೀಗೆ ಏಳು ಸಾಧ್ಯತೆಗಳಲ್ಲಿ ಯಾವುದು ಹೆಚ್ಚು ಅಂತ ಯಂತ್ರ ಹೇಳುತ್ತಿತ್ತು.

1972ರಲ್ಲಿ ಅವರು 304 ರೋಗಿಗಳ ಫಲಿತಾಂಶ ಪ್ರಕಟಿಸಿದರು. ಕಂಪ್ಯೂಟರ್ 91.8% ಸರಿ ಹೇಳಿತ್ತು. ಆ ರೋಗಿಗಳನ್ನು ನೋಡಿದವರಲ್ಲಿ ಅತ್ಯಂತ ಹಿರಿಯ ಡಾಕ್ಟರು 79.6%. ಕೋಡ್ ಗೆದ್ದಿತು, ನನಗೆ ಖುಷಿಯೋ ಖುಷಿ! ಕಥೆ ಇಲ್ಲಿಗೇ ಮುಗಿದಿದ್ದರೆ ಈ ಲೇಖನದ ಹೆಸರು 'ಡಾಕ್ಟರನ್ನು ಸೋಲಿಸಿದ ಕಂಪ್ಯೂಟರ್' ಅಂತಿರುತ್ತಿತ್ತು. ಆದರೆ ಡಿ ಡೊಂಬಾಲ್ ಪ್ರಾಮಾಣಿಕ ಮನುಷ್ಯ, ಮುಂದಕ್ಕೂ ನೋಡಿದ.

ಮೊದಲನೆಯದಾಗಿ, ಆ ಯಂತ್ರ ಕಲಿತದ್ದು ಸುಮಾರು 600 ನಿಜವಾದ ರೋಗಿಗಳ ದಾಖಲೆಯಿಂದ. ಅದರ ಬದಲು 'ಇಂಥ ರೋಗದಲ್ಲಿ ಇಂಥ ಲಕ್ಷಣ ಎಷ್ಟು ಜನಕ್ಕಿರುತ್ತದೆ' ಅಂತ ಡಾಕ್ಟರುಗಳನ್ನೇ ಕೇಳಿ, ಅವರ ಅಂದಾಜನ್ನು ಯಂತ್ರಕ್ಕೆ ತುಂಬಿ ನೋಡಿದರು. ಅದೇ ಕಂಪ್ಯೂಟರ್, ಅದೇ ಗಣಿತ. ನಿಖರತೆ ಇಳಿದು ಡಾಕ್ಟರುಗಳ ಮಟ್ಟದ ಹತ್ತಿರಕ್ಕೇ ಬಂತು! ಅಂದರೆ ದೋಷ ಲೆಕ್ಕದಲ್ಲಿರಲಿಲ್ಲ, ನೆನಪಿನಲ್ಲಿತ್ತು. ಮನುಷ್ಯರಿಗೆ ವಿಚಿತ್ರವಾದ ರೋಗಿ ನೆನಪಿರುತ್ತಾನೆ, ಸಾಮಾನ್ಯ ರೋಗಿ ಮರೆತುಹೋಗುತ್ತಾನೆ.

ಎರಡನೆಯದು ಇನ್ನೂ ದೊಡ್ಡದು. ಪ್ರಯೋಗ ನಡೆಯುತ್ತಿದ್ದ ಕಾಲದಲ್ಲಿ ಡಾಕ್ಟರುಗಳೇ ಉತ್ತಮವಾಗತೊಡಗಿದರು. 1974ರ ವರದಿಯ ಪ್ರಕಾರ ಆಪರೇಷನ್ನಿಗೆ ಮುಂಚೆಯೇ ಒಡೆದುಹೋಗುತ್ತಿದ್ದ ಅಪೆಂಡಿಕ್ಸುಗಳ ಪ್ರಮಾಣ 36%ರಿಂದ 4%ಕ್ಕೆ ಇಳಿಯಿತು. ಬೇಡದೆ ಹೊಟ್ಟೆ ಕೊಯ್ಯುವುದೂ ಅದೇ ಹೊತ್ತಿನಲ್ಲಿ ಚೆನ್ನಾಗಿ ಕಮ್ಮಿಯಾಯಿತು. ಇನ್ನೊಂದು ಸಲ ಓದಿ. ಒಂದು ಕಮ್ಮಿಯಾದರೆ ಇನ್ನೊಂದು ಜಾಸ್ತಿಯಾಗಲೇಬೇಕು ಅಂತ ನೂರು ವರ್ಷದಿಂದ ನಂಬಿದ್ದ ಆ ಎರಡು ತಪ್ಪುಗಳು ಒಟ್ಟಿಗೇ ಇಳಿದವು. ನಮ್ಮ ಅಜ್ಜಿಯ ತಮ್ಮನ ತಪ್ಪೂ, ನನ್ನ ತಂಗಿಯ ತಪ್ಪೂ.

ಹೇಗೆ? ಯಂತ್ರಕ್ಕೆ ಮಾಹಿತಿ ತುಂಬಬೇಕಾದರೆ ಡಾಕ್ಟರು ಪ್ರತಿ ರೋಗಿಗೂ ಒಂದೇ ಹಾಳೆಯನ್ನು ಪೂರ್ತಿ ತುಂಬಬೇಕಿತ್ತು. ನೋವು ಎಲ್ಲಿ ಶುರುವಾಯಿತು, ಈಗ ಎಲ್ಲಿದೆ, ಎಷ್ಟು ಹೊತ್ತಾಯಿತು, ಅಲುಗಾಡಿದರೆ ಹೆಚ್ಚಾಗುತ್ತದಾ, ಹಸಿವಿದೆಯಾ, ವಾಂತಿ ಆಯಿತಾ, ಹಿಂದೆ ಹೀಗಾಗಿತ್ತಾ... ಪ್ರತಿ ಪದಕ್ಕೂ ಇದೇ ಅರ್ಥ ಅಂತ ಮೊದಲೇ ಒಪ್ಪಿಕೊಂಡಿದ್ದರು. ಅರ್ಧ ಕೇಳಿ 'ಗೊತ್ತಾಯ್ತು' ಅನ್ನುವ ಹಾಗಿಲ್ಲ. ಮತ್ತೆ ಅವರು ಹೇಳಿದ್ದು ಸರಿಯಾಯಿತೋ ತಪ್ಪಾಯಿತೋ ಅಂತ ಆಮೇಲೆ ಅವರಿಗೇ ತಿಳಿಯುತ್ತಿತ್ತು. ಇಷ್ಟೇ. ಪ್ರಯೋಗ ಮುಗಿಸಿ ಕಂಪ್ಯೂಟರ್ ವ್ಯವಸ್ಥೆ ನಿಲ್ಲಿಸಿದ ಮೇಲೆ ಏನಾಯಿತು ಗೊತ್ತಾ? ಅಂಕಿಗಳು ವಾಪಸ್ ಹಳೇ ಮಟ್ಟದ ಕಡೆಗೇ ಜಾರಿದವು. ಇದನ್ನೂ ಅವರು ಮುಚ್ಚಿಡದೆ ಬರೆದರು.

ಲೀಡ್ಸ್‌ನ ಲೆಕ್ಕವನ್ನು ಡೆನ್ಮಾರ್ಕಿನ ಕೋಪನ್‌ಹೇಗನ್ನಿಗೆ ಒಯ್ದಾಗ ಅಲ್ಲಿ ಅಷ್ಟು ಚೆನ್ನಾಗಿ ನಡೆಯಲಿಲ್ಲ. ಆಶ್ಚರ್ಯವೇನಿಲ್ಲ. ಆಸ್ಪತ್ರೆಗೆ ಬರುವ ಜನ ಬೇರೆ, ಪ್ರಶ್ನೆ ಕೇಳುವ ರೀತಿ ಬೇರೆ. ಒಂದೂರಿನ ಅಂಕಿ ಇನ್ನೊಂದೂರಿಗೆ ಹಾಗೇ ಹೊಂದುವುದಿಲ್ಲ. ಇವತ್ತಿನ ಎಐ ಭರಾಟೆಯಲ್ಲೂ ನಮ್ಮ ಫೀಲ್ಡಿನವರು ಪದೇ ಪದೇ ಎಡವುವ ಕಲ್ಲು ಇದೇ.

*

1886ರಲ್ಲಿ ಫಿಟ್ಜ್ ಹೆಸರಿಟ್ಟ. ಸರಿಯಾಗಿ ನೂರು ವರ್ಷಕ್ಕೆ, 1986ರಲ್ಲಿ, ಮೂರು ಕೆಲಸಗಳು ಒಟ್ಟಿಗೆ ಬೆಳಕಿಗೆ ಬಂದವು. ಕಾಕತಾಳೀಯವೇ ಇರಬಹುದು, ಆದರೆ ನನಗೆ ರೋಮಾಂಚನವಾಯಿತು.

ಒಂದು, ಡಿ ಡೊಂಬಾಲ್ ತಂಡದ ದೊಡ್ಡ ಅಧ್ಯಯನ. ಬ್ರಿಟನ್ನಿನ ಎಂಟು ಕೇಂದ್ರಗಳು, ಇನ್ನೂರೈವತ್ತು ಡಾಕ್ಟರುಗಳು, 16,737 ರೋಗಿಗಳು. ಮೊದಲ ನೋಟದಲ್ಲೇ ರೋಗ ಸರಿಯಾಗಿ ಹೇಳುವುದು 45.6%ರಿಂದ 65.3%ಕ್ಕೆ ಏರಿತು. ಒಡೆದ ಅಪೆಂಡಿಕ್ಸ್ 23.7%ರಿಂದ 11.5%ಕ್ಕೆ ಇಳಿಯಿತು. ಬೇಡದ ಆಪರೇಷನ್ ಸುಮಾರು ಅರ್ಧಕ್ಕೆ ಇಳಿಯಿತು.

ಎರಡು, ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆಲ್ಫ್ರೆಡೋ ಆಲ್ವರಾಡೋ 305 ರೋಗಿಗಳನ್ನು ನೋಡಿ ಹತ್ತು ಅಂಕದ ಒಂದು ಪಟ್ಟಿ ಮಾಡಿದ. ನೋವು ಸರಿದಿದ್ದರೆ 1, ಹಸಿವಿಲ್ಲದಿದ್ದರೆ 1, ವಾಕರಿಕೆ ವಾಂತಿಗೆ 1, ಬಲಗೆಳಗೆ ಒತ್ತಿದರೆ ನೋವಿಗೆ 2, ಒತ್ತಿ ತಟ್ಟನೆ ಬಿಟ್ಟಾಗ ನೋವಿಗೆ 1, ಜ್ವರಕ್ಕೆ 1, ಬಿಳಿ ರಕ್ತಕಣ ಹೆಚ್ಚಿದ್ದರೆ 2, ಅದರಲ್ಲೂ ಎಳೆಯ ಕಣಗಳ ಪಾಲು ಏರಿದ್ದರೆ 1. ಕಂಪ್ಯೂಟರ್ ಬೇಡ, ಬೆರಳೆಣಿಕೆ ಸಾಕು. ಅಂಕ ತೀರಾ ಕಮ್ಮಿಯಿದ್ದರೆ ಅಪೆಂಡಿಸೈಟಿಸ್ ಇರುವ ಸಾಧ್ಯತೆ ಕಮ್ಮಿ ಅನ್ನಲು ಇದು ಒಳ್ಳೆಯ ಸಾಧನ. ಹೆಚ್ಚಿದ್ದ ಮಾತ್ರಕ್ಕೆ ಚಾಕು ಎತ್ತಿಕೊಳ್ಳುವ ಹಾಗಿಲ್ಲ ಅನ್ನುವುದು ಈಗಿನವರ ಅಭಿಪ್ರಾಯ. ಏಷ್ಯಾದ ಜನರಲ್ಲಿ ಇದು ಅಷ್ಟು ಚೆನ್ನಾಗಿ ಹೊಂದುತ್ತಿಲ್ಲ ಅಂತ 2010ರಲ್ಲಿ ಬ್ರೂನೈ ದೇಶದವರು ತಮ್ಮದೇ 'ರಿಪಾಸಾ' ಅನ್ನುವ ಪಟ್ಟಿ ಮಾಡಿಕೊಂಡರು. ಕೋಪನ್‌ಹೇಗನ್ನಿನ ಪಾಠವೇ ಮತ್ತೆ!

ಮೂರು, ನೆದರ್‌ಲ್ಯಾಂಡ್ಸ್‌ನ ಯೂಲಿಯನ್ ಪೌಲಾರ್ಟ್. ಅಲ್ಟ್ರಾಸೌಂಡಿನಲ್ಲಿ ಕರುಳಿನ ಗಾಳಿ ಅಡ್ಡ ಬಂದು ಅಪೆಂಡಿಕ್ಸ್ ಕಾಣುತ್ತಿರಲಿಲ್ಲ. ಸ್ಕ್ಯಾನ್ ಮಾಡುವ ಹಿಡಿಯನ್ನೇ ನಿಧಾನವಾಗಿ ಒತ್ತುತ್ತಾ ಹೋದರೆ ಗಾಳಿ ಪಕ್ಕಕ್ಕೆ ಸರಿಯುತ್ತದೆ, ಒಳ್ಳೆಯ ಕರುಳು ಚಪ್ಪಟೆಯಾಗುತ್ತದೆ, ಉರಿಯೂತವಾದ ಅಪೆಂಡಿಕ್ಸ್ ಮಾತ್ರ ಬಗ್ಗದೆ ಹಾಗೇ ನಿಲ್ಲುತ್ತದೆ. ಮ್ಯಾಕ್‌ಬರ್ನಿಯ ಬೆರಳಿಗೆ ಕಣ್ಣು ಬಂದ ಹಾಗೆ.

ಆಮೇಲೆ ಸಿ.ಟಿ. ಸ್ಕ್ಯಾನ್ ಬಂತು. 1998ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯವರು ಅನುಮಾನವಿದ್ದ ನೂರು ರೋಗಿಗಳಿಗೆ ಸ್ಕ್ಯಾನ್ ಮಾಡಿದರು. 98% ಸರಿ. 13 ಜನ ಬೇಡದ ಆಪರೇಷನ್ನಿನಿಂದ ತಪ್ಪಿಸಿಕೊಂಡರು. ಇನ್ನೇನು ಸಮಸ್ಯೆ ಬಗೆಹರಿಯಿತು ಅಂದುಕೊಂಡರು.

ಆದರೆ 2001ರಲ್ಲಿ ಡೇವಿಡ್ ಫ್ಲಮ್ ಮತ್ತು ಸಂಗಡಿಗರು ಅಮೆರಿಕದ ವಾಷಿಂಗ್ಟನ್ ರಾಜ್ಯದ (ಸಿಯಾಟಲ್ ಇರುವ ರಾಜ್ಯ, ನಮ್ಮವರಿಗೆ ಚೆನ್ನಾಗಿ ಗೊತ್ತು) 1987ರಿಂದ 1998ರವರೆಗಿನ 63,707 ಆಪರೇಷನ್ನುಗಳ ಲೆಕ್ಕ ತೆಗೆದರು. 15.5% ಜನಕ್ಕೆ ಅಪೆಂಡಿಸೈಟಿಸ್ ಇರಲೇ ಇಲ್ಲ. ಅಲ್ಟ್ರಾಸೌಂಡ್, ಸಿ.ಟಿ. ಎಲ್ಲ ಬಂದಿದ್ದರೂ ಆ ಪ್ರಮಾಣ ಅಷ್ಟು ವರ್ಷದಲ್ಲಿ ಇಳಿದಿರಲಿಲ್ಲ! ಪ್ರಸಿದ್ಧ ಆಸ್ಪತ್ರೆಯ ನೂರು ರೋಗಿಗಳಲ್ಲಿ ನಡೆದದ್ದು ಇಡೀ ರಾಜ್ಯದಲ್ಲಿ ನಡೆದಿರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ನನ್ನ ಮಷೀನಿನಲ್ಲಿ ಓಡುತ್ತೆ, ಪ್ರೊಡಕ್ಷನ್ನಿನಲ್ಲಿ ಓಡಲ್ಲ.

ಆಮೇಲೆ ಅದೇ ರಾಜ್ಯದ ಆಸ್ಪತ್ರೆಗಳು ಸ್ವಯಂ ಇಚ್ಛೆಯಿಂದ ಒಂದು ಜಾಲ ಕಟ್ಟಿಕೊಂಡವು. ಪ್ರತಿ ಆಪರೇಷನ್ನಿನ ಮಾಹಿತಿ ಒಂದೆಡೆ ಸೇರಿಸಿ, ಯಾವ ಆಸ್ಪತ್ರೆಯಲ್ಲಿ ಏನಾಗುತ್ತಿದೆ ಅಂತ ಅವರವರಿಗೇ ವಾಪಸ್ ತೋರಿಸುವ ವ್ಯವಸ್ಥೆ. 2012ರಲ್ಲಿ ಪ್ರಕಟವಾದ ಆ ಜಾಲದ 19,327 ರೋಗಿಗಳ ಲೆಕ್ಕದಲ್ಲಿ ಆರೋಗ್ಯವಾಗಿದ್ದ ಅಪೆಂಡಿಕ್ಸ್ 5.4% ಮಾತ್ರ. ಸ್ಕ್ಯಾನ್ ಮಾಡಿಸಿಕೊಂಡವರಲ್ಲಿ 4.5%, ಮಾಡಿಸದವರಲ್ಲಿ 15.4%. ಯಂತ್ರ ಖಂಡಿತ ಸಹಾಯ ಮಾಡಿತು. ಆದರೆ ಯಂತ್ರ ಅದಕ್ಕೂ ಮುಂಚೆ ಬಹಳ ವರ್ಷ ಇತ್ತಲ್ಲ. ಅದನ್ನು ಎಲ್ಲರಿಗೂ, ಸರಿಯಾದ ಹೊತ್ತಿಗೆ ಬಳಸುವುದು, ಬಳಸಿದ ಮೇಲೆ ಏನಾಯಿತು ಅಂತ ಎಣಿಸುವುದು, ಎರಡೂ ಸೇರಬೇಕಾಯಿತು. ಸಿ.ಟಿ.ಯ ವಿಕಿರಣ ಎಳೆಯರಿಗೆ ಒಳ್ಳೆಯದಲ್ಲ ಅನ್ನುವ ಆತಂಕಕ್ಕೂ ಉತ್ತರ ಹುಡುಕುತ್ತಿದ್ದಾರೆ. ದಕ್ಷಿಣ ಕೊರಿಯಾದಲ್ಲಿ 891 ಯುವಜನರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಡಿಮೆ ವಿಕಿರಣದ ಸಿ.ಟಿ. ಮಾಡಿದರೂ ಬೇಡದ ಆಪರೇಷನ್ 3.5%, ಮಾಮೂಲಿ ಸಿ.ಟಿ.ಯಲ್ಲಿ 3.2%. ವ್ಯತ್ಯಾಸ ಇಲ್ಲವೆನ್ನುವಷ್ಟು.

ಈಗ 'ಬೇಡದ ಆಪರೇಷನ್' ಅನ್ನುವ ಮಾತಿನ ಅರ್ಥವೇ ಬದಲಾಗುತ್ತಿದೆ. ಫಿನ್‌ಲ್ಯಾಂಡಿನಲ್ಲಿ 530 ರೋಗಿಗಳ ಮೇಲೆ ನಡೆದ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಸಿ.ಟಿ.ಯಲ್ಲಿ ಸರಳ ಅಪೆಂಡಿಸೈಟಿಸ್ ಅಂತ ಖಚಿತವಾದವರಲ್ಲಿ ಅರ್ಧದಷ್ಟು ಜನಕ್ಕೆ ಬರೀ ಆಂಟಿಬಯಾಟಿಕ್ ಕೊಟ್ಟರು. ಒಂದು ವರ್ಷದ ಹೊತ್ತಿಗೆ ಅವರಲ್ಲಿ ನೂರಕ್ಕೆ ಎಪ್ಪತ್ತಮೂರು ಜನಕ್ಕೆ ಆಪರೇಷನ್ ಬೇಕಾಗಿರಲಿಲ್ಲ. ಐದು ವರ್ಷದೊಳಗೆ ಸುಮಾರು 39% ಜನಕ್ಕೆ ಅದು ಮರುಕಳಿಸಿತ್ತು. ಯಾವುದು ಒಳ್ಳೆಯದು ಅಂತ ರೋಗಿಯೂ ಡಾಕ್ಟರೂ ಕೂತು ಮಾತಾಡಬೇಕಾದ ವಿಷಯ. ಆದರೆ ಅದಕ್ಕೂ ಮೊದಲು ಇದು ಅಪೆಂಡಿಸೈಟಿಸ್ಸೇ ಹೌದಾ ಅಂತ ಗೊತ್ತಾಗಬೇಕು. ಮತ್ತೆ ಬಂದು ನಿಂತದ್ದು ಅದೇ ಹಾಳೆಯ ಮುಂದೆ.

*

ಇಷ್ಟೆಲ್ಲ ಓದಿದ ಮೇಲೆ ಊರಿಗೆ ಹೋದಾಗ ಅಪ್ಪನ ಫೈಲ್ ತೆಗೆದು ಆ ರಿಪೋರ್ಟ್ ಹುಡುಕಿದೆ. ಮಡಚಿದ ಹಾಗೇ ಇತ್ತು. "ಇದನ್ನ ಡಾಕ್ಟರಿಗೆ ತೋರಿಸಿದ್ರಾ?" ಅಂತ ಕೇಳಿದೆ. "ತೋರಿಸೋಕೆ ಏನಿತ್ತೋ, ಎಲ್ಲ ಸರಿಯಿದೆ ಅಂತ ಬರೆದಿತ್ತಲ್ಲ" ಅಂದರು ಅಪ್ಪ. ಆ ರಾತ್ರಿ ಅವಳ ಹೊಟ್ಟೆ ಒತ್ತಿ ನೋಡಿದ ಡಾಕ್ಟರಿಗೆ ತಮ್ಮ ಅಂದಾಜು ತಪ್ಪಾಗಿತ್ತು ಅಂತ ಇವತ್ತಿಗೂ ಗೊತ್ತಿರಲಿಕ್ಕಿಲ್ಲ. ನಾವು ಹೇಳಲಿಲ್ಲ, ಅವರನ್ನು ತಲುಪಿಸುವ ವ್ಯವಸ್ಥೆಯೂ ಅಲ್ಲಿದ್ದಂತೆ ಕಾಣಲಿಲ್ಲ. ಬಗ್ ಇದೆ ಅಂತ ಯಾರೂ ತಿಳಿಸದೆ ಯಾವ ಪ್ರೋಗ್ರಾಮರ್ ತಾನೇ ಸರಿಮಾಡುತ್ತಾನೆ? ಇಷ್ಟು ವರ್ಷ ನಾನು ಸಿಟ್ಟನ್ನು ತಪ್ಪು ವಿಳಾಸಕ್ಕೆ ಕಳಿಸುತ್ತಿದ್ದೆ.

ಇದನ್ನು ಹಾಕುವ ಮುಂಚೆ ತಂಗಿಗೆ ಓದಲು ಕೊಟ್ಟೆ. ಅವಳು ಒಪ್ಪಿದ ಮೇಲೇ ಹಾಕುತ್ತಿದ್ದೇನೆ. ಲೀಡ್ಸ್‌ನ ಹಾಳೆಯ ಭಾಗ ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಅಣ್ಣಾ, ನನ್ನ ನೋವು ಹೊಕ್ಕುಳ ಹತ್ರ ಶುರುವಾಗಿದ್ದೇ ಅಲ್ಲ. ಮೊದಲಿಂದಲೂ ಕೆಳಗೇ ಇತ್ತು. ಹಸಿವೂ ಇತ್ತು. ಮತ್ತೆ ಪೀರಿಯಡ್ಸ್ ಆಗಿ ಎರಡು ವಾರ ಆಗಿತ್ತು. ಯಾರೂ ಕೇಳಲಿಲ್ಲ."

"ನೀನೇ ಹೇಳಬಹುದಿತ್ತಲ್ಲೇ" ಅಂದೆ.

"ಹೇಗೆ ಹೇಳೋದು? ಅಪ್ಪ ಈ ಕಡೆ, ನೀನು ಆ ಕಡೆ, ಇಬ್ಬರೂ ಮಂಚಕ್ಕೆ ಅಂಟಿಕೊಂಡು ನಿಂತಿದ್ರಿ."